ತಂತಿ ಹೆಣೆದ ಕುಬಸ

ತವರೂರು ತಾಂಬಾದಿಂದ ಗಂಡನ ಮನೆಗೆ ಮರಳುವ ದಿನ, ಸಿಂದಗಿಯಲ್ಲಿ ಟೆಂಪೋ ಹತ್ತುವಾಗ, ಸುವರ್ಣಾಳ ಎಡಬಗಲಲ್ಲಿ ಕೂಸಿತ್ತು. ಬಲಗೈ ಬಾಗಿಲ ಮೇಲಿನ ಸರಳು ಹಿಡಿದಿತ್ತು. ಕಾಲು ಮೆಟ್ಟಿಲಿಗೆ ಊರುವ ಮೊದಲೇ ಗಾಡಿ ಹೊರಟುಬಿಟ್ಟಿತು. ಕೂಸನ್ನು ಬಿಟ್ಟರೆ ಕೂಸು ಗಾಲಿಗೆ; ಸರಳು ಬಿಟ್ಟರೆ ಇಬ್ಬರೂ ಗಾಲಿಗೆ. ಅವಳು ಎರಡನ್ನೂ ಬಿಡಲಿಲ್ಲ. ಜನ ಬಾಯಿ ಮಾಡಿ ಗಾಡಿ ನಿಲ್ಲಿಸುವಷ್ಟರಲ್ಲಿ ಅವಳ ಮೈಭಾರವೆಲ್ಲ ಆ ಒಂದೇ ಕೈಗೆ ಜೋತುಬಿದ್ದು, ಹಿಮ್ಮಡಿಗಳು ಡಾಂಬರಿಗೆ ಉಜ್ಜಿ ರಕ್ತವಾಗಿದ್ದವು. ಕೂಸಿಗೆ ಒಂದು ತರಚು ಗಾಯವೂ ಇರಲಿಲ್ಲ. ನೆರೆದವರೆಲ್ಲ ದೇವರಿಗೆ ಕೈಮುಗಿದರು. ಸುವರ್ಣಾಳೂ ಮುಗಿಯಹೋದಳು. ಬಲಗೈ ಮೇಲೇಳಲಿಲ್ಲ.

ಅವಳ ಗಂಡ ಸಿದ್ದಾರೂಢ ಬಸವನ ಬಾಗೇವಾಡಿಯಲ್ಲಿ ಮೋಟರು ರಿವೈಂಡಿಂಗ್ ಅಂಗಡಿ ಇಟ್ಟವನು. ಸುಟ್ಟುಹೋದ ಪಂಪಿನ ಮೋಟರು, ಮಿಕ್ಸರು, ಫ್ಯಾನುಗಳೆಲ್ಲ ಅವನ ಕೈಯಲ್ಲಿ ಹೊಸ ತಾಮ್ರದ ತಂತಿ ಸುತ್ತಿಸಿಕೊಂಡು ಮತ್ತೆ ತಿರುಗುತ್ತಿದ್ದವು. ಹಾಗಾಗಿ ವಿಜಾಪುರದ ಡಾಕ್ಟರು, ಕುತ್ತಿಗೆಯಿಂದ ಕೈಗೆ ಇಳಿಯುವ ನರಗಳಲ್ಲಿ ಕೆಳಗಿನವು ಬೇರುಸಹಿತ ಕಿತ್ತುಹೋಗಿವೆ ಎಂದಾಗ ಅವನಿಗೆ ತನ್ನ ಕಸುಬಿನ ಮಾತೇ ಬಾಯಿಗೆ ಬಂತು.

"ಅಂದ್ರ ಒಳಗಿನ ವೈಂಡಿಂಗ್ ಕಡದಂಗ ಆತಲ್ರಿ ಸರ. ಮತ್ತ ಕೂಡ್ಸಾಕ ಬರೂದಿಲ್ಲೇನ್ರಿ?"

ಡಾಕ್ಟರು ನಗಲಿಲ್ಲ. ಭುಜ, ಮೊಣಕೈ ತಿರುಗಿ ಬರಬಹುದು, ಮಣಿಕಟ್ಟಿನ ಕೆಳಗೆ ಆಸೆ ಇಟ್ಟುಕೊಳ್ಳಬೇಡಿ ಎಂದರು.

ಹಾಗೆಯೇ ಆಯಿತು. ಮಳೆಗಾಲ ಹೋಗಿ ಚಳಿ ಬರುವಷ್ಟರಲ್ಲಿ ಸುವರ್ಣಾ ತೋಳು ಎತ್ತಿದಳು, ಮೊಣಕೈ ಮಡಚಿದಳು. ಬೆರಳುಗಳು ಮಾತ್ರ ಬಾಡಿದ ಬೆಂಡೆಕಾಯಿಯ ಹಾಗೆ ತೂಗುತ್ತಿದ್ದವು. ಕಿರುಬೆರಳ ಕಡೆಯಿಂದ ಮೊಣಕೈವರೆಗೆ ಮುಟ್ಟಿದರೆ ಮುಟ್ಟಿದ್ದು ತಿಳಿಯುತ್ತಿರಲಿಲ್ಲ. ಅವಳು ಅದಕ್ಕೂ ಒಗ್ಗಿಕೊಳ್ಳುತ್ತಿದ್ದಳೋ ಏನೋ. ಎಡಗೈಯಲ್ಲಿ ರೊಟ್ಟಿ ಬಡಿಯಲು ಹೋಗಿ ಅದು ಹರಿದಾಗ, "ಇದು ನಕಾಶೆ ಆತ ನೋಡ್ರಿ" ಎಂದು ನಕ್ಕದ್ದೂ ಇತ್ತು.

ಆ ನಗು ನಿಂತದ್ದು ರೇವಿ ಬಿದ್ದ ದಿನ. ಮಗಳಿಗೆ ಮುತ್ತಜ್ಜಿಯ ಹೆಸರು, ರೇವವ್ವ ಎಂದು ಇಟ್ಟಿದ್ದರು. ಕರೆಯುವುದು ರೇವಿ ಎಂದು. ಆಗ ತಾನೇ ಓಡಾಡಲು ಕಲಿತಿದ್ದ ಮಗು ಅಳುತ್ತ ಬಂದು ತಾಯಿಯ ಸೀರೆ ಜಗ್ಗಿತು. ಸುವರ್ಣಾಳ ಎಡಗೈಯಲ್ಲಿ ಬಿಸಿ ಸಾರಿನ ಪಾತ್ರೆ ಇತ್ತು. ಮೈಮರೆತು ಬಲತೋಳಿನಿಂದಲೇ ಮಗುವನ್ನು ಎತ್ತಿ ಬಗಲಿಗೇರಿಸಿದಳು. ತೋಳು ಎತ್ತಿತು, ಕೈ ಹಿಡಿಯಲಿಲ್ಲ. ಮಗು ಹಿಂದಕ್ಕೆ ವಾಲಿ ಜಾರಿ, ಒರಳಕಲ್ಲಿನ ಅಂಚಿಗೆ ಹಣೆ ಬಡಿದುಕೊಂಡಿತು.

ಹೊಲಿಗೆ ಹಾಕಿಸಿಕೊಂಡು ಬಂದ ಮಗು ಮರುದಿನವೇ ಆಡತೊಡಗಿತು. ಸುವರ್ಣಾ ಆಡಲಿಲ್ಲ. ರೇವಿ ಹತ್ತಿರ ಬಂದರೆ ಮೊಣಕೈಯಿಂದ ಆಚೆ ನೂಕುತ್ತಿದ್ದಳು. "ಆಯಿ ಹಂತೇಲಿ ಹೋಗು," ಎನ್ನುತ್ತಿದ್ದಳು. ನೂಕಿಸಿಕೊಂಡ ಮಗು ಮೊದಮೊದಲು ಅತ್ತಿತು, ಆಮೇಲೆ ಅಜ್ಜಿ ಕಾಶಿಬಾಯಿಯ ಸೆರಗು ಹಿಡಿದು ದೂರದಿಂದ ತಾಯಿಯನ್ನು ನೋಡುವುದನ್ನು ಕಲಿಯಿತು. ಕಡೆಗೆ ನೋಡುವುದನ್ನೂ ಬಿಟ್ಟಿತು.

ಒಂದು ಮಧ್ಯಾಹ್ನ ಸಿದ್ದಾರೂಢ ಊಟಕ್ಕೆಂದು ಮನೆಯ ತಿರುವಿಗೆ ಬಂದರೆ ಅವನ ತಾಯಿ ಕಾಶಿಬಾಯಿ ಹೊಸ್ತಿಲಲ್ಲಿ ನಿಂತು ಕೂಗುತ್ತಿದ್ದಳು. "ಆರೂಢಾ, ಲಗೂನ ಬಾರೋ! ಇಕಿ ಏನ ಮಾಡಾಕತ್ತಾಳ ನೋಡೋ!"

ಒಳಗೆ ಸುವರ್ಣಾ ನೆಲಕ್ಕೆ ಕುಳಿತು, ಬಲಗೈಯನ್ನು ಕಲ್ಲಿನ ಮೇಲೆ ಇಟ್ಟುಕೊಂಡು, ಖಾರ ಕುಟ್ಟುವ ಗುಂಡಿನಿಂದ ಅದಕ್ಕೆ ಬಡಿಯುತ್ತಿದ್ದಳು. ಸಿಟ್ಟಿನಿಂದ ಅಲ್ಲ, ನಿಧಾನವಾಗಿ, ಕೆಲಸ ಮಾಡುವವಳ ಹಾಗೆ. ಅವನು ಗುಂಡು ಕಸಿದುಕೊಂಡ.

"ನೋಡ್ರಿ, ಎಷ್ಟ ಹೊಡದ್ರೂ ನೋವ ಆಗವಲ್ದು," ಎಂದಳು. "ಇದು ನಂದಲ್ಲ. ಯಾರೋ ಸತ್ತವರ ಕೈ ತಂದು ನನಗ ಜೋತ ಬಿಟ್ಟಾರ. ಕಡಸಿ ಒಗೀರಿ ಇದನ್ನ."

"ಇದ ಕೈ ನಮ್ಮ ಕೂಸಿನ ಉಳಿಸೇತಿ, ಸುವರ್ಣಾ."

"ಉಳಿಸಿದ್ದೂ ಇದ. ಕೆಡವಿದ್ದೂ ಇದ."

ಆ ದಿನದಿಂದ ಸಿದ್ದಾರೂಢ ಅಂಗಡಿಯಲ್ಲಿ ಕುಳಿತರೂ ಅವನ ಕಿವಿ ಮನೆಯ ದಾರಿಯಲ್ಲಿತ್ತು. ಮನೆಯ ಹಿತ್ತಲ ಬಾವಿಗೆ ತಗಡು ಮುಚ್ಚಿಸಿದ. ಈಳಿಗೆಮಣೆ, ಕುಡುಗೋಲುಗಳನ್ನು ಅಟ್ಟಕ್ಕೆ ಹಾಕಿದ. ಸುವರ್ಣಾ ಅದನ್ನೆಲ್ಲ ನೋಡಿದಳು, ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಅನ್ನಿಸುತ್ತಿತ್ತು ಅವನಿಗೆ.

ಅಂಥ ದಿನಗಳಲ್ಲಿಯೇ ಸಂಜೀವಕುಮಾರ ಅಂಗಡಿಗೆ ಬಂದದ್ದು. ಇಂಗಳೇಶ್ವರದ ಹುಡುಗ, ಹೊರಗೆ ಎಂ.ಟೆಕ್ ಮುಗಿಸಿ ಬಂದು ಮುದ್ದೇಬಿಹಾಳದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ಪ್ರಯೋಗಶಾಲೆಯ ಸುಟ್ಟ ಟ್ರಾನ್ಸ್‌ಫಾರ್ಮರು ತಂದಿದ್ದ. ಅದನ್ನು ಬಿಚ್ಚುವವರೆಗೆ ಚಹಾ ತರಿಸಿದರು. ಮಾತಿಗೆ ಮಾತು ಬೆಳೆದು, ಸಂಜೀವಕುಮಾರ ತನ್ನ ಚೀಲದಿಂದ ಕೂದಲಿಗಿಂತ ಸ್ವಲ್ಪ ದಪ್ಪನೆಯ ಒಂದು ತಂತಿ ತೆಗೆದ. ಅದನ್ನು ಬೆರಳಿಗೆ ಸುತ್ತಿ, ಮುದುಡಿ, ಗಂಟುಗಂಟು ಮಾಡಿ ಬಿಸಿ ಚಹಾದಲ್ಲಿ ಹಾಕಿದ. ತಂತಿ ಜೀವ ಬಂದ ಹುಳುವಿನಂತೆ ಹೊರಳಿ ನೆಟ್ಟಗೆ ನಿಂತಿತು.

ಸಿದ್ದಾರೂಢನ ಕೈಯಲ್ಲಿದ್ದ ಸ್ಕ್ರೂಡ್ರೈವರು ಹಾಗೇ ನಿಂತಿತು. "ಏನ್ರಿ ಸರ ಇದು?"

"ನಿಕಲ್ಲು, ಟೈಟೇನಿಯಂ ಕೂಡಿಸಿ ಮಾಡಿದ್ದರಿ ಅಣ್ಣಾರ. ಇದಕ ಒಂದ ಆಕಾರ ಕಲಿಸಿಟ್ಟಿರ್ತಾರ. ತಣ್ಣಗಿದ್ದಾಗ ಹ್ಯಾಂಗರ ಬಗ್ಗಸ್ರಿ, ಎಳೀರಿ. ಬಿಸಿ ಆತಂದ್ರ ಕಲ್ತ ಆಕಾರಕ್ಕ ತಿರುಗಿ ಬರ್ತೈತಿ. ಬರೂ ಮುಂದ ಭಾಳ ಜೋರಲೆ ಜಗ್ಗತೈತಿ."

"ಕರೆಂಟ ಹರಿಸಿದ್ರ?"

"ಬಿಸಿ ಆಗ್ತೈತಿ, ಜಗ್ಗತೈತಿ. ಕರೆಂಟ ಬಂದ್ ಮಾಡಿದ್ರ ಆರಿ ಮೆತ್ತಗಾಗ್ತೈತಿ. ಹೊರದೇಶದಾಗ ಇದನ್ನ ಅರಿವ್ಯಾಗ ಹೆಣ್ಯಾಕತ್ತಾರ. ಕೈಗವಸು, ತೋಳು, ಅಂಗಿ. ಅರಿವಿಯೇ ಸ್ನಾಯುವಿನ ಕೆಲಸ ಮಾಡ್ತೈತಿ. ಇನ್ನೂ ಲ್ಯಾಬಿನ್ಯಾಗ ಐತಿ ಅನ್ರಿ."

ಸಿದ್ದಾರೂಢ ಎದ್ದು ಬಂದು ಆ ಹುಡುಗನ ಎರಡೂ ಕೈ ಹಿಡಿದುಕೊಂಡ. ಅವನ ಕೈಯ ಗ್ರೀಸು ಸಂಜೀವಕುಮಾರನ ಅಂಗಿಯ ತೋಳಿಗೆ ಹತ್ತಿತು. ಹೆಂಡತಿಯ ಕೈ, ಕೂಸಿನ ಹಣೆ, ಖಾರದ ಗುಂಡು ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ದನಿ ಒಡೆಯಿತು. ಹೊರಗೆ ಪಂಪು ತಂದು ಕಾಯುತ್ತಿದ್ದ ಗಿರಾಕಿಗಳು ಮುಖ ತಿರುಗಿಸಿ ನಿಂತರು.

"ನಾ ಡಾಕ್ಟರ್ ಅಲ್ರಿ ಅಣ್ಣಾರ," ಸಂಜೀವಕುಮಾರ ಹಿಂಜರಿದ. "ಇದು ಕೈ ಸುಡೂವಷ್ಟ ಬಿಸಿ ಆಗೂ ತಂತಿ. ಮನಷಾರ ಮ್ಯಾಲ ನಾ ಎಂದೂ ಹಾಕಿ ನೋಡಿಲ್ಲ."

"ಹಾಕೂದ ಹ್ಯಾಂಗ ಅನ್ನೂದು ಇಬ್ರೂ ಕೂಡಿ ನೋಡೂಣ್ರಿ. ಆಕಿ ಹೋಗಿಬಿಡ್ತಾಳ ಸರ. ಇವತ್ತಲ್ಲ ನಾಳೆ ಹೋಗಿಬಿಡ್ತಾಳ."

ಮುಂದಿನ ವಾರ ಸಂಜೀವಕುಮಾರ ತನ್ನ ಪ್ರಾಜೆಕ್ಟಿನಲ್ಲಿ ಉಳಿದ ತಂತಿಯ ರೀಲು ಹಿಡಿದು ಬಂದ.

ಕೆಲಸ ಅಂದುಕೊಂಡ ಹಾಗೆ ಇರಲಿಲ್ಲ. ಗೇಣುದ್ದದ ತಂತಿ ಬಿಸಿಯಾದರೆ ಗಿಡ್ಡವಾಗುವುದು ಒಂದು ಗೋದಿಕಾಳಿನಷ್ಟು. ಬೆರಳು ಮಡಚಬೇಕೆಂದರೆ ಅದಕ್ಕೆ ಕಟ್ಟಿದ ದಾರ ಎರಡು ಬೆರಳಗಲ ಸರಿಯಬೇಕು. ಬರೀ ಕೈಗವಸಿನಲ್ಲಿ ಅಷ್ಟು ತಂತಿ ಹಿಡಿಸುವುದಿಲ್ಲ. ಹಾಗಾಗಿ ಬೆರಳಿಗೆ ಕಟ್ಟಿದ ನೈಲಾನು ದಾರವನ್ನು ಮಣಿಕಟ್ಟಿನವರೆಗೆ ತಂದು, ಅಲ್ಲಿಂದ ಮೊಣಕೈಗೂ ಭುಜಕ್ಕೂ ತಂತಿಯನ್ನು ಹೋಗಿ ಬಂದು ಮಾಡಿಸಬೇಕಾಯಿತು. ಕೈಗವಸು ಹೋಗಿ ಉದ್ದ ತೋಳಿನ ಕುಬಸವಾಯಿತು. ಬೆಸುಗೆ ಹಚ್ಚಿದರೆ ಆ ತಂತಿಗೆ ಹಿಡಿಯುತ್ತಿರಲಿಲ್ಲ. ಸಣ್ಣ ಹಿತ್ತಾಳೆಯ ನಳಿಗೆಗಳಲ್ಲಿ ತೂರಿಸಿ ಇಕ್ಕಳದಿಂದ ಅದುಮಿ ಕೂಡಿಸಬೇಕು. ಅದುಮಿದ್ದು ಹೆಚ್ಚಾದರೆ ತುಂಡು, ಕಡಿಮೆಯಾದರೆ ಜಾರು.

ಹೆಣಿಗೆಯ ಕೆಲಸ ಮಾಬುಬಿಯದು. ಹಿಂದಿನ ಓಣಿಯಲ್ಲಿ ಕೂಸುಗಳ ಟೊಪ್ಪಿಗೆ, ಸ್ವೆಟರು ಹೆಣೆದು ಕೊಡುತ್ತಿದ್ದವಳು. ಉಣ್ಣೆಯ ನಡುನಡುವೆ ಬತ್ತಿಯಂಥ ಕೊಳವೆಗಳನ್ನು ಬಿಟ್ಟು ಹೆಣೆಯಬೇಕು, ತಂತಿ ಅದರೊಳಗೆ ಸಲೀಸಾಗಿ ಸರಿಯಬೇಕು ಎಂದು ಸಿದ್ದಾರೂಢ ಹೇಳಿದ್ದ. ಅವಳು ಹೆಣೆದಳು, ತಂತಿ ಎಳೆದಾಗ ಉಣ್ಣೆಯೇ ಮುದುಡಿಕೊಂಡಿತು. ಬಿಚ್ಚಿದಳು. ಮತ್ತೆ ಹೆಣೆದಳು, ಬಿಗಿಯಾಗಿ ತಂತಿ ಸಿಕ್ಕಿಕೊಂಡಿತು. ಮತ್ತೆ ಬಿಚ್ಚಿದಳು.

"ಸುವರ್ಣಾ ಹಾಕ್ಕೋತಾಳೇನೋ ತಮ್ಮಾ?" ಎಂದು ಒಮ್ಮೆ ಕೇಳಿದಳು. "ನಿನ್ನೆ ಮಾತಾಡ್ಸಿದೆ. ನನ್ನ ಕಡೆ ನೋಡಿದ್ಲು, ಆದ್ರ ನಾ ಅಕಿಗೆ ಕಾಣಸ್ಲಿಲ್ಲ."

"ಹಾಕ್ಕೋತಾಳಕ್ಕಾ," ಎಂದ ಸಿದ್ದಾರೂಢ. ಅವನಿಗೇ ನಂಬಿಕೆ ಇರಲಿಲ್ಲ.

ಕುಬಸ ಆದ ಮೇಲೆ ಮೊದಲು ತನ್ನ ಮೈಗೇ ಹಾಕಿಕೊಂಡು ನೋಡಿದ. ಸ್ಕೂಟರಿನ ಬ್ಯಾಟರಿಗೆ ಜೋಡಿಸಿ ಗುಂಡಿ ಒತ್ತಿದಾಗ ಅವನ ಬೆರಳುಗಳು ತಾವೇ ಮಡಚಿಕೊಂಡವು. ತೋಳು ಬೆಚ್ಚಗಾಯಿತು. ಹೆಚ್ಚು ಹೊತ್ತು ಒತ್ತಿ ಹಿಡಿದಾಗ ಚುರುಕು ಮುಟ್ಟಿ ಕೈ ತಾನಾಗಿ ಗುಂಡಿ ಬಿಟ್ಟಿತು. ಒಳಗೆ ಇನ್ನೊಂದು ಹತ್ತಿಯ ಪದರ ಹಾಕಿಸಿದ. ಸಂಜೀವಕುಮಾರನೂ ಹಾಕಿಕೊಂಡು ನೋಡಿದ. ಅವನಿಗೂ ಚುರುಕು ಮುಟ್ಟಿದಾಗ ಗುಂಡಿ ಬಿಟ್ಟ. ಅಡ್ಡಿ ಇಲ್ಲ ಎಂದುಕೊಂಡರು. ತಮ್ಮನ್ನು ಕಾಪಾಡಿದ್ದು ಹತ್ತಿಯ ಪದರವಲ್ಲ, ತಮ್ಮ ಚರ್ಮ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಸೋಮವಾರ ಹಗಲು, ಊಟ ಮುಗಿದ ಮೇಲೆ, ಸುವರ್ಣಾಳಿಗೆ ಕುಬಸ ತೊಡಿಸಿದರು. ಬೇಡ ಎನ್ನಲಿಲ್ಲ; ಬೇಕು ಎನ್ನಲೂ ಇಲ್ಲ. ಬೊಂಬೆಗೆ ಅರಿವೆ ಉಡಿಸುವಾಗ ಅದು ಸುಮ್ಮನಿರುವ ಹಾಗೆ ಇದ್ದಳು. ಸಂಜೀವಕುಮಾರ ಹೊಸ್ತಿಲಾಚೆ ನಿಂತಿದ್ದ. ಸಿದ್ದಾರೂಢ ಗುಂಡಿ ಒತ್ತಿದ.

ಮೊದಲು ಏನೂ ಆಗಲಿಲ್ಲ. ಆಮೇಲೆ ನಡುಬೆರಳು ಅಲ್ಲಾಡಿತು. ಅದರ ಹಿಂದೆ ಉಳಿದವು, ಒಂದೊಂದಾಗಿ, ನಿದ್ದೆಗಣ್ಣಿನವರ ಹಾಗೆ ಒಳಕ್ಕೆ ಬಾಗಿದವು. ಕೈ ಮುಷ್ಟಿಯಾಯಿತು.

ಸುವರ್ಣಾ ಕಿಟಾರನೆ ಕಿರುಚಿ ಹಿಂದಕ್ಕೆ ಸರಿದಳು. ತನ್ನ ಬೆನ್ನ ಹಿಂದೆ ಯಾರಾದರೂ ನಿಂತು ಆ ಕೈ ಹಿಡಿದಿದ್ದಾರೋ ಎಂಬಂತೆ ತಿರುಗಿ ನೋಡಿದಳು. ಗಂಡ ಗುಂಡಿ ಬಿಟ್ಟ. ತಂತಿ ಆರಿದಂತೆ, ಬೆರಳುಗಳ ಹಿಂಬದಿಗೆ ಹೊಲಿದಿದ್ದ ರಬ್ಬರಿನ ಪಟ್ಟಿಗಳು ಅವನ್ನು ಮೆಲ್ಲಗೆ ಬಿಡಿಸಿದವು.

"ಇನ್ನೊಮ್ಮೆ ಮಾಡ್ರಿ," ಎಂದಳು. ಬಹಳ ದಿನಗಳ ಮೇಲೆ ಅವಳು ಏನನ್ನಾದರೂ ಕೇಳಿದ್ದು ಅದೇ.

ಇನ್ನೊಮ್ಮೆ ಮಾಡಿದ. ಮತ್ತೊಮ್ಮೆ ಮಾಡಿದ. ಗುಂಡಿಯನ್ನು ಅವಳ ಎಡಗೈಗೆ ಕೊಟ್ಟ. ಅವಳು ತಾನೇ ಒತ್ತಿ, ಬಲಗೈಯಿಂದ ಖಾಲಿ ಲೋಟ ಹಿಡಿದು, ಎತ್ತಿ, ಕೆಳಗಿಟ್ಟಳು. ಕಾಶಿಬಾಯಿ ಬಾಯಿಗೆ ಸೆರಗಿಟ್ಟುಕೊಂಡು ಗೋಡೆಗೊರಗಿದ್ದಳು. ಆಗ ಸುವರ್ಣಾ ಆ ಕೈಯನ್ನು ಮುಂದೆ ಚಾಚಿ ಕರೆದಳು.

"ರೇವೀ, ಬಾ ಇಲ್ಲೆ. ಬಾ ನನ ಕೂಸ."

ರೇವಿ ಬರಲಿಲ್ಲ. ಅಜ್ಜಿಯ ಹಿಂದೆ ಅಡಗಿ, ಸೀರೆಯ ನಿರಿಗೆಯಲ್ಲಿ ಮುಖ ಮುಚ್ಚಿಕೊಂಡಿತು. ಸುವರ್ಣಾಳ ಕೈ ಗಾಳಿಯಲ್ಲಿ ನಿಂತು, ತಂತಿ ಆರಿ, ತಾನೇ ತೆರೆದುಕೊಂಡಿತು.

ದಿನಕ್ಕೆ ಸ್ವಲ್ಪ ಹೊತ್ತು, ತಾನು ಮನೆಯಲ್ಲಿದ್ದಾಗ ಮಾತ್ರ ಹಾಕಿಕೊಳ್ಳಬೇಕು ಎಂದು ಸಿದ್ದಾರೂಢ ಹೇಳಿದ್ದ. ಸುವರ್ಣಾ ತಲೆ ಅಲ್ಲಾಡಿಸಿದ್ದಳು. ಊಟ ಸೇರತೊಡಗಿತು, ತಲೆ ಬಾಚಿಕೊಳ್ಳತೊಡಗಿದಳು. ಅವನು ಬಾವಿಯ ಮೇಲಿನ ತಗಡು ತೆಗೆಸಿದ. ಅಂಗಡಿಯಲ್ಲಿ ಗಿರಾಕಿಗಳ ಜೊತೆ ಮೊದಲಿನಂತೆ ನಗುತ್ತ ಮಾತಾಡಿದ. ಹಬ್ಬದ ಹೊತ್ತಿಗೆ ಅವಳು ಎರಡೂ ಕೈಯಿಂದ ಆರತಿ ಎತ್ತುತ್ತಾಳೆ ಎಂದು ಮಾಬುಬಿಗೂ ಹೇಳಿದ.

ಅವನು ಅಂಗಡಿಗೆ ಹೋದ ಮೇಲೆ ಮನೆಯಲ್ಲಿ ನಡೆಯುತ್ತಿದ್ದುದು ಬೇರೆ. ಸುವರ್ಣಾ ಹಲ್ಲು ಮತ್ತು ಎಡಗೈಯಿಂದಲೇ ಕುಬಸ ತೊಟ್ಟು, ಬ್ಯಾಟರಿಯನ್ನು ಸೊಂಟದ ಚೀಲಕ್ಕೆ ಇಳಿಸಿ ತಾನೇ ಜೋಡಿಸಿಕೊಳ್ಳುತ್ತಿದ್ದಳು. ಬೆಲ್ಲದ ಚೂರು, ಹುರಿದ ಶೇಂಗಾ ತೋರಿಸಿ ಮಗುವನ್ನು ಕರೆಯುತ್ತಿದ್ದಳು. ದಿನದಿನಕ್ಕೆ ಮಗು ಒಂದೊಂದು ಹೆಜ್ಜೆ ಹತ್ತಿರ ಬಂತು. ಕಡೆಗೊಂದು ದಿನ ಬಗಲೇರಿತು. ಸುವರ್ಣಾ ಬಲಗೈಯಿಂದ ಅದರ ಲಂಗದ ಅಂಚನ್ನು ಮುಷ್ಟಿ ಹಿಡಿದು, ಗುಂಡಿ ಒತ್ತಿಯೇ ಇದ್ದಳು. ಬಿಟ್ಟರೆ ಮುಷ್ಟಿ ಬಿಡುತ್ತದೆ, ಮುಷ್ಟಿ ಬಿಟ್ಟರೆ ಕೂಸು ಬೀಳುತ್ತದೆ. ಹಿತ್ತಲಿನಿಂದ ಪಡಸಾಲೆಗೆ, ಪಡಸಾಲೆಯಿಂದ ಹಿತ್ತಲಿಗೆ, ಮಗು ಇಳಿಯುತ್ತೇನೆ ಎನ್ನುವವರೆಗೂ ಹೊತ್ತು ತಿರುಗಿದಳು. ಉಣ್ಣೆಯೊಳಗೆ ಬಿಸಿ ಮಡುಗಟ್ಟಿತು. ಅವಳಿಗೆ ತಿಳಿಯಲಿಲ್ಲ. ಕಾಶಿಬಾಯಿ ಇದನ್ನು ನೋಡಿಯೂ ಮಗನಿಗೆ ಹೇಳಲಿಲ್ಲ.

ಮೊದಲ ಬೊಬ್ಬೆ ಕಂಡಾಗ ಸುವರ್ಣಾ ಅದಕ್ಕೆ ಅರಿಸಿನ ಹಚ್ಚಿ, ಸೆರಗು ಸುತ್ತಿ ಮುಚ್ಚಿದಳು. ಬೊಬ್ಬೆ ಒಡೆದಾಗಲೂ ಮುಚ್ಚಿದಳು. ನೋವು ಇರಲಿಲ್ಲವಲ್ಲ. ಗಂಡನ ಎದುರಿಗೆ ಕುಬಸ ತೊಡುವಾಗ ಒಳಗೆ ಅರಿವೆ ಸುತ್ತಿಕೊಂಡು, ಚಳಿ ಎಂದಳು.

ಒಂದು ಮಧ್ಯಾಹ್ನ ಸಿದ್ದಾರೂಢ ಊಟಕ್ಕೆ ಕುಳಿತಾಗ ಮನೆಯಲ್ಲಿ ಏನೋ ನಾತ ಬಂತು. ಸುಟ್ಟ ವಾರ್ನಿಶಿನ ನಾತ ಅವನಿಗೆ ಗೊತ್ತು, ಕರಿಕಾದ ಉಣ್ಣೆಯ ನಾತವೂ ಗೊತ್ತು. ಇದು ಅವೆರಡೂ ಅಲ್ಲ. ರೊಟ್ಟಿ ನೀಡಲು ಬಾಗಿದ ಸುವರ್ಣಾಳ ಮುಖ ಕೆಂಡವಾಗಿತ್ತು. ಹಣೆ ಮುಟ್ಟಿ ನೋಡಿದ, ಸುಡುವ ಜ್ವರ. ಅಷ್ಟರಲ್ಲಿ ರೇವಿ ಆಟಕ್ಕೆಂದು ತಾಯಿಯ ಸೆರಗು ಎಳೆಯಿತು.

ಕಿರುಬೆರಳ ಬುಡದಿಂದ ಮೊಣಕೈವರೆಗೆ, ತಂತಿ ಓಡಾಡಿದ ಸಾಲುಗಳಗುಂಟ, ಚರ್ಮ ಕಪ್ಪಾಗಿ ಸುಲಿದು ಕೀವು ತುಂಬಿತ್ತು. ಕಡೆಯ ಎರಡು ಬೆರಳುಗಳು ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು.

ಸಿದ್ದಾರೂಢ ತಟ್ಟೆ ದಾಟಿ ಎದ್ದ.

"ಬೈಬ್ಯಾಡ್ರಿ," ಎಂದಳು ಸುವರ್ಣಾ. "ಕೂಸು ನನ್ನ ಬಗಲಿಗೆ ಬಂದೈತ್ರಿ." ಹೇಳುತ್ತಲೇ ಅಲ್ಲಿಯೇ ಕುಸಿದಳು.

ವಿಜಾಪುರದ ಆಸ್ಪತ್ರೆಗೆ ಜೀಪಿನಲ್ಲಿ ಒಯ್ಯುವಾಗ ಕಾಶಿಬಾಯಿ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಬಡಿದುಕೊಂಡಳು. "ನಾ ನೋಡಿದ್ನೋ ಆರೂಢಾ. ಹಗಲೆಲ್ಲ ಹೊತ್ತ ತಿರುಗ್ತಿದ್ಲು. ತಾಯಿ ಬಗಲಾಗ ಕೂಸ ನಗಾಕತ್ತಿತ್ತು. ನಾ ಹ್ಯಾಂಗ ಬ್ಯಾಡ ಅನ್ನಲೋ?"

ಆಸ್ಪತ್ರೆಯಲ್ಲಿ ಡಾಕ್ಟರು ಎರಡು ಬೆರಳು ತೆಗೆಯಲೇಬೇಕು ಎಂದರು. ನಂಜು ಮೇಲಕ್ಕೆ ಏರಿದರೆ ಕೈಯನ್ನೇ, ಅದಕ್ಕೂ ಮೇಲೆ ಏರಿದರೆ ಜೀವಕ್ಕೇ ಅಪಾಯ ಎಂದರು. ಆಮೇಲೆ ಕುಬಸದ ಸಂಗತಿ ಕೇಳಿ, "ಸ್ಪರ್ಶವೇ ಇಲ್ಲದ ಚರ್ಮದ ಮೇಲೆ ಕಾಯುವ ತಂತಿ ಹಾಕಿದ್ರಾ?" ಎಂದು ಒಂದೇ ಮಾತು ಕೇಳಿದರು. ಬಯ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಸುದ್ದಿ ತಿಳಿದು ಮುದ್ದೇಬಿಹಾಳದಿಂದ ಓಡಿಬಂದ ಸಂಜೀವಕುಮಾರ ವಾರ್ಡಿನ ಹೊರಗಿನ ಬೆಂಚಿನಲ್ಲಿ ಅವನ ಪಕ್ಕ ಕುಳಿತ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

"ಮಿಕ್ಸರಿನ ಮೋಟರಿನ್ಯಾಗ ಒಂದ ಸಣ್ಣ ಕಟ್‌ಔಟ್ ಇರ್ತೈತ್ರಿ ಸರ," ಎಂದ ಸಿದ್ದಾರೂಢ, ಗೋಡೆ ನೋಡುತ್ತ. "ಬಿಸಿ ಹೆಚ್ಚಾತಂದ್ರ ತಾನ ಕರೆಂಟ ಕಡೀತೈತಿ. ಮಂದಿ ಮಸಾಲಿ ರುಬ್ಬೂ ಮೋಟರಿಗೆ ಮರೀದ ಹಾಕಿ ಕಳಸ್ತೇನಿ. ನನ್ನ ಹೇಂತಿ ಮೈಗೆ ಹಾಕಲಿಲ್ಲ."

"ನಾನೂ ಹೇಳಲಿಲ್ರಿ," ಎಂದ ಸಂಜೀವಕುಮಾರ. ಅವನು ಅಳುತ್ತಿದ್ದ.

ಬೆರಳು ತೆಗೆದ ಮರುದಿನ ಅರಿವೆ ತರಲೆಂದು ಊರಿಗೆ ಬಂದ ಸಿದ್ದಾರೂಢ ಕುಬಸವನ್ನು ಅಂಗಡಿಗೆ ಒಯ್ದ. ಕತ್ತರಿಯಿಂದ ಮಾಬುಬಿಯ ಹೆಣಿಗೆಯನ್ನು ಸೀಳಿ ತಂತಿಗಳನ್ನು ಎಳೆದು ತೆಗೆದ. ಅಂಗೈಯಲ್ಲಿ ಮುದ್ದೆ ಮಾಡಿ ತಿಕ್ಕಿದ, ಕಾಲ ಕೆಳಗೆ ಹಾಕಿ ತುಳಿದ. ಮೋಟರು ಒಣಗಿಸುವ ಕಾದ ಪೆಟ್ಟಿಗೆಯೊಳಗೆ ಎಸೆದ. ತಂತಿಗಳು ಅಲ್ಲಿ ಹೊರಳಾಡಿ, ಮಡಿಕೆ ಬಿಚ್ಚಿ, ಒಂದರ ಪಕ್ಕ ಒಂದು ನೆಟ್ಟಗೆ ಮಲಗಿದವು. ಹೊರಗೆಳೆದು ಮತ್ತೆ ಮುದುಡಿದ, ಮತ್ತೆ ಎಸೆದ. ಮತ್ತೆ ನೆಟ್ಟಗಾದವು. ಆಗ ಅವನು ಪೆಟ್ಟಿಗೆಯ ಮುಂದೆಯೇ ಕುಕ್ಕರಿಸಿ, ಎರಡೂ ಅಂಗೈಗಳಿಂದ ತಲೆ ಬಡಿದುಕೊಂಡು, ಹಗಲು ಹೊತ್ತಿನಲ್ಲಿ, ತೆರೆದ ಅಂಗಡಿಯಲ್ಲಿ, ಕೂಸಿನಂತೆ ಅತ್ತ. ಎದುರು ಸೈಕಲ್ ಅಂಗಡಿಯ ಶಮಶುದ್ದೀನ ಬಂದು ಷಟರು ಎಳೆದು, ತಾನು ಹೊರಗೆ ನಿಂತ.

ಸುವರ್ಣಾ ಮೂರು ಬೆರಳ ಕೈ ಹೊತ್ತು ಮನೆಗೆ ಬಂದಳು. ಬಡಕಲಾಗಿದ್ದಳು, ಆದರೆ ಕಣ್ಣು ಮೊದಲಿನ ಹಾಗೆ ಖಾಲಿ ಇರಲಿಲ್ಲ. ಅದೇ ಸಿದ್ದಾರೂಢನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಕುಬಸ ಎಲ್ಲೈತ್ರಿ?" ಎಂದು ಕೇಳಿದಳು.

"ಹರದ ಒಗದೇನಿ."

"ಮತ್ತ ಮಾಡ್ರಿ."

"ಇನ್ನ ಆ ಮಾತ ಈ ಮನ್ಯಾಗ ಆಡಬ್ಯಾಡ, ಸುವರ್ಣಾ. ನೀ ಮುಚ್ಚಿ ಇಟ್ಟಿ. ಕೈ ಕೊಳ್ಯಾಕತ್ತಿತ್ತು, ನನಗ ಒಂದ ಮಾತ ಹೇಳಲಿಲ್ಲ."

"ಹೇಳಿದ್ರ ಕಸಗೊಂಡಬಿಡ್ತಿದ್ರಿ."

"ಕಸಗೋತಿದ್ದೆ! ಬೆರಳ ಉಳೀತಿದ್ವು!"

"ಬೆರಳ ಉಳೀತಿದ್ವು, ಹೌದ್ರಿ. ಕೂಸು?" ಅವಳ ದನಿ ಏರಲಿಲ್ಲ. "ನನ್ನ ಕಂಡ್ರ ಓಡಿ ಹೋಗ್ತಿತ್ತು ಅದು. ನಾನ ಓಡಿಸಿದ್ದೆ. ತಿರುಗಿ ಕರ್ಯಾಕ ನನಗ ಆ ಕೈ ಬೇಕಾಗಿತ್ತು."

ಸಿದ್ದಾರೂಢ ಅಂಗಡಿಗೆ ಹೋದ. ಮರುದಿನವೂ ಅದೇ ಮಾತು. ಅವನು ಎದ್ದು ಹೋದ. ವಾರಗಟ್ಟಲೆ ಗಂಡಹೆಂಡತಿ ರೊಟ್ಟಿ, ಪಲ್ಲೆ, ಔಷಧದ ಹೊರತು ಬೇರೆ ಮಾತಾಡಲಿಲ್ಲ. ಈಗ ರೇವಿ ತಾಯಿಯನ್ನು ಬಿಟ್ಟು ಕದಲುತ್ತಿರಲಿಲ್ಲ, ಅದೊಂದು ಸಮಾಧಾನ. ಆದರೆ ಮಗು ಎತ್ತಿಕೋ ಎಂದು ಕೈಯೆತ್ತಿದಾಗಲೆಲ್ಲ ಸುವರ್ಣಾ ಗೋಡೆಯ ಕಡೆ ತಿರುಗುವುದನ್ನು ಅವನು ನೋಡಿದ. ಅಟ್ಟದ ಮೇಲಿನ ಈಳಿಗೆಮಣೆ ಕೆಳಗಿಳಿಸಲು ಅವನಿಗೆ ಧೈರ್ಯ ಬರಲಿಲ್ಲ.

ಒಂದು ಸಂಜೆ ಕೈಗೆ ಮುಲಾಮು ಹಚ್ಚಿಸಿಕೊಳ್ಳುತ್ತ ಸುವರ್ಣಾ ಹೇಳಿದಳು. "ತಂತಿ ಬೆನ್ನಿಗೆ ಹಾಕ್ರಿ."

"ಏನಂದಿ?"

"ಕೈಗೆ ಬ್ಯಾಡ. ಬೆನ್ನಿಗೆ ಹಾಕ್ರಿ. ಬೆನ್ನ ನಂದಿನ್ನೂ ಜೀವಂತ ಐತಿ. ಅಲ್ಲೆ ಸುಟ್ರ ನನಗ ತಿಳೀತೈತಿ."

ಸಿದ್ದಾರೂಢನ ಬೆರಳು ಮುಲಾಮಿನಲ್ಲೇ ನಿಂತಿತು. ಮುಲಾಮಿನ ಮುಚ್ಚಳ ಹಾಕಿ ಕೇಳಿದ. "ತಿಳದ್ರ ಹೇಳ್ತೀಯೇನು?"

ಅವಳು ಕುಳಿತು ಯೋಚನೆ ಮಾಡಿದಳು. ಆ ಯೋಚನೆಯೇ ಅವನಿಗೆ ಆಣೆಗಿಂತ ಹೆಚ್ಚು ನಂಬಿಕೆ ಕೊಟ್ಟಿತು.

"ಹೇಳ್ತೇನ್ರಿ," ಎಂದಳು. "ಆದ್ರ ನೀವು ಕಸಗೋಬಾರ್ದು. ಬಂದ್ ಮಾಡಿ, ಆರೂ ತನಕ ಕಾಯ್ಬೇಕು."

ಸಂಜೀವಕುಮಾರನಿಗೆ ಫೋನು ಮಾಡಿದಾಗ ಅವನು ಮೊದಲು ಒಲ್ಲೆ ಎಂದ. ಆಮೇಲೆ, ಡಾಕ್ಟರು ನೋಡಿ ಒಪ್ಪಿದರೆ ಮಾತ್ರ ಎಂದ. ಡಾಕ್ಟರು ಗಾಯ ಪೂರ್ತಿ ಮಾಯುವವರೆಗೆ ತಡೆದು, ಕೈಯ ಮೇಲೆ ಬಿಸಿ ಬೀಳಕೂಡದು, ಮಗುವನ್ನು ಆ ಕೈಯಲ್ಲಿ ಎತ್ತಕೂಡದು ಎಂದು ಎರಡು ಕಟ್ಟಳೆ ಹಾಕಿ ಒಪ್ಪಿದರು. ತಂತಿ ಬೆನ್ನಿಗೆ ಹೋಯಿತು. ಬೆನ್ನಿನಿಂದ ಬೆರಳಿಗೆ ಎಳೆತ ತಲುಪಿಸಲು ಶಮಶುದ್ದೀನನ ಅಂಗಡಿಯ ಸೈಕಲ್ ಬ್ರೇಕಿನ ಕೇಬಲ್ಲು ತೋಳಗುಂಟ ಇಳಿಯಿತು. ಮಾಬುಬಿ ಹೊಸದಾಗಿ ಹೆಣೆದು ಕೊಟ್ಟಳು. ಸಿದ್ದಾರೂಢ ಮಿಕ್ಸರಿನದಕ್ಕಿಂತ ಬೇಗ ಕಡಿಯುವ ಒಂದು ಸಣ್ಣ ಕಟ್‌ಔಟ್ ಹುಡುಕಿ ತಂದು ಹಾಕಿದ.

ಹೊಸ ಕುಬಸದ ಮುಷ್ಟಿ ಮೊದಲಿನಷ್ಟು ಗಟ್ಟಿ ಇರಲಿಲ್ಲ. ಕೇಬಲ್ಲಿನಲ್ಲಿ ಅರ್ಧ ಎಳೆತ ಸೋರಿಹೋಗುತ್ತಿತ್ತು. ಮೂರು ಬೆರಳುಗಳು ಕೂಡಿ ಒಂದು ಚಿಟಿಕೆಯಷ್ಟು ಹಿಡಿಯುತ್ತಿದ್ದವು, ಅಷ್ಟೇ. ಲೋಟ ಜಾರುತ್ತಿತ್ತು. ಸುವರ್ಣಾ ಅದನ್ನು ಬಹಳ ಹೊತ್ತು ನೋಡಿದಳು. ಅವಳು ಅತ್ತುಬಿಡುತ್ತಾಳೆ ಎಂದುಕೊಂಡ ಸಿದ್ದಾರೂಢ. ಅವಳು ರೇವಿಯನ್ನು ಕರೆದು, ಬೆನ್ನು ತನ್ನ ಕಡೆ ಮಾಡಿ ಕೂಡ್ರಿಸಿಕೊಂಡು, ಮಗುವಿನ ಕೂದಲು ಬಿಚ್ಚಿದಳು. ಇಷ್ಟು ದಿನ ಜಡೆ ಹಾಕುತ್ತಿದ್ದುದು ಅಜ್ಜಿ. ಒಂದೇ ಕೈಯಲ್ಲಿ ಜಡೆ ಹೆಣೆಯಲು ಯಾರಿಗೂ ಬರುವುದಿಲ್ಲ.

"ಒತ್ರಿ," ಎಂದಳು ಗಂಡನಿಗೆ.

ಅವನು ಗುಂಡಿ ಒತ್ತಿದ. ಮೂರು ಬೆರಳುಗಳು ಒಂದು ಎಳೆ ಕೂದಲನ್ನು ಕಚ್ಚಿ ಹಿಡಿದವು. ಎಡಗೈ ಉಳಿದ ಎರಡನ್ನು ದಾಟಿಸಿತು. ಒಂದು ಹೆಣಿಗೆ ಬಿದ್ದಿತು, ಅದರ ಕೆಳಗೆ ಸೊಟ್ಟಗೆ ಇನ್ನೊಂದು. ಸಿದ್ದಾರೂಢ ಜಡೆ ನೋಡಲಿಲ್ಲ. ಹೆಂಡತಿಯ ಮುಖವನ್ನೇ ನೋಡುತ್ತಿದ್ದ. ಹುಬ್ಬು ಗಂಟಾಯಿತು, ಕೆಳತುಟಿ ಹಲ್ಲಿನ ಕೆಳಗೆ ಹೋಯಿತು. ಇನ್ನೊಂದು ಹೆಣಿಗೆ. ಅವಳು ಬಾಯಿ ಬಿಡಲಿಲ್ಲ. ಗುಂಡಿ ಬಿಟ್ಟುಬಿಡಲೇ ಎಂದುಕೊಂಡ. ಅವಳು ಹೇಳುವ ಮೊದಲೇ ಬಿಟ್ಟರೆ ಮಾತು ಮುರಿದಂತೆ. ಬಿಡದಿದ್ದರೆ ಮತ್ತೆ ಆ ನಾತ, ಆ ಜೀಪು, ಆ ಬೆಂಚು.

"ಸುಡಾಕತ್ತೈತ್ರಿ," ಎಂದಳು ಸುವರ್ಣಾ. "ಬಂದ್ ಮಾಡ್ರಿ."

ಅವನು ಗುಂಡಿ ಬಿಟ್ಟು, ಬ್ಯಾಟರಿಯ ತಂತಿಯನ್ನೂ ಕಿತ್ತು, ಅವಳ ಬೆನ್ನ ಮೇಲಿನ ಉಣ್ಣೆಯನ್ನು ಮೈಯಿಂದ ಮೇಲೆತ್ತಿ ಹಿಡಿದ. ಬೆರಳುಗಳು ಮೆಲ್ಲಗೆ ತೆರೆದವು. ಅರ್ಧ ಹೆಣೆದ ಜಡೆ ಬಿಚ್ಚಿ ಮಗುವಿನ ಹೆಗಲ ಮೇಲೆ ಹರಡಿತು.

"ಆತೇನವ್ವ?" ಎಂದು ರೇವಿ ತಿರುಗಿ ನೋಡಿತು.

"ಇಲ್ಲ, ಕುಂದ್ರು," ಎಂದಳು ಸುವರ್ಣಾ. "ಆರಲಿ."

ಸಿದ್ದಾರೂಢ ಉಣ್ಣೆಯನ್ನು ಹಾಗೇ ಎತ್ತಿ ಹಿಡಿದುಕೊಂಡು, ಅವಳ ಬೆನ್ನ ಕೆಂಪಿನ ಮೇಲೆ ಮೆಲ್ಲಗೆ ಊದತೊಡಗಿದ.